ಚೈನ್ ಸಾಗೆ ಎರಡು ಏರ್ ಫಿಲ್ಟರ್ ಇರಲಿ

ಅಡಿಕೆ ಕೊಯ್ಲಿಗೆ ಮೊದಲು ಒಂದು ಸಲ, ಮಳೆಗಾಲಕ್ಕೆ ಮೊದಲು ಇನ್ನೊಂದು ಸಲ, ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾವ ಊರಿಗೆ ಹೋದರೂ ಚೈನ್ ಸಾ ಸದ್ದು ಕೇಳುತ್ತದೆ. ಅಡಿಕೆ ಬೇಯಿಸುವ ಹಂಡೆಗೆ ಕಟ್ಟಿಗೆ ಬೇಕು, ಬಚ್ಚಲ ಒಲೆಗೆ ಬೇಕು, ಗಾಳಿಗೆ ತೋಟದೊಳಗೆ ಬಿದ್ದ ಮರವನ್ನಂತೂ ತೆಗೆಯಲೇಬೇಕು. ಊರಿಗೊಂದು ಇದ್ದ ಮಿಷನ್ ಈಗ ಎಷ್ಟೋ ಮನೆಗಳಲ್ಲಿ ಇದೆ. ಒಳ್ಳೆಯದೇ. ಆದರೆ ರಿಪೇರಿ ಅಂಗಡಿಗೆ ಹೋದಾಗ ಪಿಸ್ಟನ್ನಿಗೆ ಗೆರೆ ಬಿದ್ದು, ಕಂಪ್ರೆಷನ್ ಇಳಿದು, ಸಾಲಾಗಿ ಇಟ್ಟಿರುವ ಮಿಷನ್‌ಗಳನ್ನು ನೋಡಿದರೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಪೆಟ್ರೋಲಿಗೆ ಆಯಿಲ್ ಕಮ್ಮಿ ಹಾಕಿ ಸೀಜ್ ಆದವು, ಅಂದರೆ ಪಿಸ್ಟನ್ ಒಳಗೇ ಹಿಡಿದುಕೊಂಡು ನಿಂತವು, ಕೆಲವು ಇರುತ್ತವೆ. ಇನ್ನು ಕೆಲವನ್ನು ಬಿಚ್ಚಿದರೆ ಇಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ಹರಿದಿರುತ್ತದೆ, ಅಥವಾ ಸರಿಯಾಗಿ ಕೂತೇ ಇರುವುದಿಲ್ಲ. ಕೆಲವೇ ನೂರು ರೂಪಾಯಿಯ ಸಾಮಾನು ಅದು.

ಒಂದು ಲೆಕ್ಕ ಹೇಳುತ್ತೇನೆ. 45 ಸಿಸಿಯ ಮಿಷನ್ ಮರ ಕೊಯ್ಯುವಾಗ ನಿಮಿಷಕ್ಕೆ ಸುಮಾರು 9,000 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಒಂದು ಸಲ ಗಾಳಿ ಎಳೆಯುತ್ತದೆ. ಗುಣಿಸಿದರೆ ನಿಮಿಷಕ್ಕೆ 405 ಲೀಟರ್. ಸಿಲಿಂಡರ್ ಪ್ರತಿ ಸಲ ಪೂರ್ತಿ ತುಂಬುವುದಿಲ್ಲ ಅಂತ ಸ್ವಲ್ಪ ಕಳೆದರೂ ಎಷ್ಟು ಗಾಳಿ ಅಲ್ವಾ! ಅಷ್ಟನ್ನೂ ಅದು ಎಳೆಯುವುದು ಮರದ ಹುಡಿ ಹಾರುತ್ತಿರುವ ಜಾಗದಿಂದಲೇ. ಬರೀ ಮರದ ಹುಡಿ ಆಗಿದ್ದರೆ ಅಷ್ಟು ಭಯ ಇರಲಿಲ್ಲ, ನಮ್ಮಲ್ಲಿ ಅದರ ಜೊತೆ ಕೆಂಪು ಮಣ್ಣಿನ ಧೂಳೂ ಸೇರುತ್ತದೆ. ಬೇಸಿಗೆಯಲ್ಲಿ ರಸ್ತೆ ಬದಿಯ ಅಕೇಶಿಯಾ ಕೊಯ್ಯುವಾಗ ತೊಗಟೆ ಮೇಲೆ ಕೂತ ಧೂಳೆಲ್ಲ ಮೇಲೇಳುತ್ತದೆ, ನೆಲದಲ್ಲಿ ಎಳೆದು ತಂದ ದಿಮ್ಮಿಯಲ್ಲಂತೂ ಮಣ್ಣು ಮೆತ್ತಿಕೊಂಡೇ ಇರುತ್ತದೆ. ಮರದ ಹುಡಿ ಉರಿದು ಹೋಗುತ್ತದೆ. ಮಣ್ಣಿನಲ್ಲಿರುವ ಮರಳಿನ ಕಣ ಉರಿಯುವುದಿಲ್ಲ, ಆಯಿಲ್ ಜೊತೆ ಸೇರಿ ಪಿಸ್ಟನ್ ರಿಂಗನ್ನೂ ಬೋರನ್ನೂ (ಸಿಲಿಂಡರಿನ ಒಳಮೈ) ಸವೆಸುತ್ತದೆ.

ಹಾಗಾಗಿ ಫಿಲ್ಟರ್ ಕೆಡುವುದರಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಕಟ್ಟಿಕೊಂಡರೆ ಗಾಳಿ ಸಾಲುವುದಿಲ್ಲ: ಮಿಷನ್ ಭಾರ ಎಳೆಯುವುದಿಲ್ಲ, ಹೊಗೆ ಜಾಸ್ತಿ, ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲ್ ಬೇಗ ಖಾಲಿ. ಇದು ಗೊತ್ತಾಗುತ್ತದೆ, ತೊಳೆದರೆ ಸರಿಹೋಗುತ್ತದೆ. ತೂತಾದರೆ ಅಥವಾ ಅಂಚು ಸರಿಯಾಗಿ ಕೂರದಿದ್ದರೆ ಏನೂ ಗೊತ್ತಾಗುವುದಿಲ್ಲ, ಮಿಷನ್ ಚೆನ್ನಾಗಿಯೇ ಓಡುತ್ತದೆ, ಒಳಗೆ ಮಾತ್ರ ದಿನದಿನವೂ ಸವೆಯುತ್ತಿರುತ್ತದೆ. ನಾನು ಹೆದರುವುದು ಈ ಎರಡನೆಯದಕ್ಕೆ.

ಇನ್ನೊಂದು ಅಭ್ಯಾಸ ಇದೆ, ದಯವಿಟ್ಟು ಬಿಡಿ. ಮಿಷನ್ ಎಳೆಯುತ್ತಿಲ್ಲ ಅಂದ ಕೂಡಲೇ ಸ್ಕ್ರೂ ಡ್ರೈವರ್ ತಗೊಂಡು ಕಾರ್ಬೊರೇಟರಿನ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಸ್ಕ್ರೂ ತಿರುಗಿಸುವುದು. ಫಿಲ್ಟರ್ ಕಟ್ಟಿಕೊಂಡು ಪೆಟ್ರೋಲ್ ಜಾಸ್ತಿ ಆಗುತ್ತಿರುವಾಗ ಸ್ಕ್ರೂ ಬಿಗಿ ಮಾಡಿ ಪೆಟ್ರೋಲ್ ಕಡಿಮೆ ಮಾಡಿದರೆ ಆ ಹೊತ್ತಿಗೆ ಮಿಷನ್ ಚುರುಕಾಗುತ್ತದೆ. ನಾಳೆ ಯಾರೋ ಫಿಲ್ಟರ್ ತೊಳೆದು ಹಾಕುತ್ತಾರೆ, ಗಾಳಿ ಸರಾಗವಾಗಿ ಬರುತ್ತದೆ, ಪೆಟ್ರೋಲ್ ಮಾತ್ರ ಕಮ್ಮಿಯೇ ಇರುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಸಿಗುವುದೂ ಪೆಟ್ರೋಲ್ ಮೂಲಕವೇ ಅಲ್ವಾ, ಹಾಗಾಗಿ ಬಿಸಿಯೇರಿ ಸೀಜ್ ಆಗುತ್ತದೆ. ಕೆಲವು ಒಳ್ಳೆಯ ಮಿಷನ್‌ಗಳಲ್ಲಿ ಫಿಲ್ಟರ್ ಸ್ವಲ್ಪ ಕಟ್ಟಿಕೊಂಡರೂ ಮಿಶ್ರಣ ಕೆಡದಂತೆ ನೋಡಿಕೊಳ್ಳುವ ಕಾಂಪೆನ್ಸೇಟರ್ ವ್ಯವಸ್ಥೆ ಇರುತ್ತದೆ. ಇರಲಿ, ಇಲ್ಲದಿರಲಿ, ಮೊದಲು ಫಿಲ್ಟರ್ ತೊಳೆಯಿರಿ, ಟ್ಯೂನಿಂಗ್ ಆಮೇಲೆ.

ಈಗ ಯಾವ ಫಿಲ್ಟರ್ ಕೊಳ್ಳಬೇಕು ಅನ್ನುವ ವಿಷಯ. ತೊಳೆದು ಮತ್ತೆ ಬಳಸುವಂಥವು ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ನೈಲಾನ್ ಜಾಲರಿಯದು ಎಲ್ಲಕ್ಕಿಂತ ಸುಲಭ, ಗಟ್ಟಿ, ಎಷ್ಟು ಉಜ್ಜಿದರೂ ತಡೆಯುತ್ತದೆ. ಇದರಲ್ಲೇ ಕಣ್ಣಿನ ಅಳತೆ ಬೇರೆ ಬೇರೆ ಇದೆ, 80 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಂದರೆ ದೊಡ್ಡ ಕಣ್ಣು, 44 ಮೈಕ್ರಾನ್ ಅಂದರೆ ಸಣ್ಣ ಕಣ್ಣು. ಹಸಿ ಮರ ಕೊಯ್ದು ದಪ್ಪ ಹುಡಿ ಬರುವಾಗ ದೊಡ್ಡ ಕಣ್ಣಿನದು ಸಾಕು, ಬೇಗ ಕಟ್ಟಿಕೊಳ್ಳುವುದಿಲ್ಲ. ಆದರೆ ಬೇಸಿಗೆಯ ಕೆಂಪು ಧೂಳಿಗೆ ಅದು ಸಾಲದು.

ಎರಡನೆಯದು ಫ್ಲಾಕ್ ಫಿಲ್ಟರ್. ಜಾಲರಿಯ ಮೇಲೆ ಸಣ್ಣ ಸಣ್ಣ ನೂಲು ಅಂಟಿಸಿ ಮಾಡಿರುತ್ತಾರೆ, ಮುಟ್ಟಿದರೆ ವೆಲ್ವೆಟ್ ಬಟ್ಟೆ ಥರ ಇರುತ್ತದೆ. ಸಣ್ಣ ಧೂಳನ್ನೂ ಹಿಡಿಯುತ್ತದೆ, ಆದರೆ ಬ್ರಷ್ ಹಾಕಿ ಉಜ್ಜಿದರೆ ನೂಲು ಉದುರಿಹೋಗುತ್ತದೆ. ಅಕೇಶಿಯಾ, ನೀಲಗಿರಿ, ಒಣಗಿದ ಹಲಸು ಇಂಥವನ್ನು ಜಾಸ್ತಿ ಕೊಯ್ಯುವವರಿಗೆ ನಾನು ಹೇಳುವುದು ಇದನ್ನೇ. ಮೂರನೆಯದು ನೆರಿಗೆ ನೆರಿಗೆಯಾಗಿ ಮಡಿಸಿದ, ಪ್ಲಾಸ್ಟಿಕ್ ನಾರಿನಿಂದ ಮಾಡಿದ ಫಿಲ್ಟರ್. ಸ್ಟಿಲ್ ಕಂಪನಿಯ ಎಚ್‌ಡಿ2 ಈ ಜಾತಿಯದು. ತುಂಬ ಸಣ್ಣ ಧೂಳನ್ನೂ ತಡೆಯುತ್ತದೆ, ಸೋಪು ನೀರಿನಲ್ಲಿ ತೊಳೆಯಬಹುದು, ಬೆಲೆ ಮಾತ್ರ ಜಾಸ್ತಿ, ಮತ್ತೆ ಎಲ್ಲ ಮಾಡೆಲಿಗೂ ಬರುವುದಿಲ್ಲ.

ಬಗೆ ಯಾವುದೇ ಇರಲಿ, ಅಂಗಡಿಯಲ್ಲಿ ನೋಡಬೇಕಾದ್ದು ಅಂಚು. ಮಿಷನ್ ಮಾಡೆಲ್ ನಂಬರ್ ಹೇಳಿ ಕೇಳಿ, ಆದರೆ ಮಿಷನ್ನನ್ನೇ ತಗೊಂಡು ಹೋಗಿ ಕೂರಿಸಿ ನೋಡುವುದು ಇನ್ನೂ ಒಳ್ಳೆಯದು. ನೋಡಲು ಒಂದೇ ಥರ ಇರುವ ಅಗ್ಗದ ಫಿಲ್ಟರ್ ಕಾರ್ಬೊರೇಟರ್ ಬಾಯಿಯ ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟರೂ ಮುಗಿಯಿತು, ಧೂಳು ಜಾಲರಿಯ ದಾರಿ ಬಿಟ್ಟು ಆ ಸಂದಿನಿಂದಲೇ ಹೋಗುತ್ತದೆ.

ಬಿಚ್ಚುವಾಗಿನ ಎಚ್ಚರ ತೊಳೆಯುವಾಗಿನ ಎಚ್ಚರಕ್ಕಿಂತ ಮುಖ್ಯ. ಮಿಷನ್ ಆಫ್ ಮಾಡಿ, ತಣ್ಣಗಾದ ಮೇಲೆ ಮೊದಲು ಹೊರಗಿನ ಕವರ್ ಮೇಲಿನ ಹುಡಿಯನ್ನೆಲ್ಲ ಬ್ರಷ್ಷಿನಲ್ಲಿ ಕೊಡವಿ. ಚೋಕ್ ಮುಚ್ಚಿ. ಇದನ್ನು ಮರೆಯಬೇಡಿ, ಫಿಲ್ಟರ್ ಎತ್ತುವಾಗ ಉದುರುವ ಹುಡಿ ನೇರ ಕಾರ್ಬೊರೇಟರಿಗೆ ಬೀಳದ ಹಾಗೆ ಅದು ತಡೆಯುತ್ತದೆ. ಕವರ್ ತೆಗೆದ ಮೇಲೆ ಫಿಲ್ಟರಿನ ಸುತ್ತ ಮತ್ತೊಮ್ಮೆ ಬ್ರಷ್ ಮಾಡಿ, ಆಮೇಲೆ ಎತ್ತಿ, ಬಾಯಿಗೆ ಒಂದು ಒಗೆದ ಬಟ್ಟೆ ತುರುಕಿ. ಎತ್ತಿದ ಕೂಡಲೇ ಫಿಲ್ಟರಿನ ಒಳಮೈ ನೋಡಿ. ಅಲ್ಲಿ ಹುಡಿ ಇದ್ದರೆ ಎಲ್ಲೋ ಸಂದು ಬಿಟ್ಟಿದೆ ಅಥವಾ ಹರಿದಿದೆ ಅಂತಲೇ ಅರ್ಥ.

ಹುಡಿ ಒಣಗಿದ್ದರೆ ಅಂಗೈಗೆ ತಟ್ಟಿದರೇ ಅರ್ಧ ಉದುರುತ್ತದೆ. ಆದರೆ ಚೈನ್ ಸಾ ಫಿಲ್ಟರ್ ಒಣಗಿರುವುದು ಕಡಿಮೆ. ಕಾರ್ಬೊರೇಟರಿನಿಂದ ಹಿಂದಕ್ಕೆ ಚಿಮ್ಮುವ ಪೆಟ್ರೋಲ್ ಹನಿಯಲ್ಲಿ ಆಯಿಲ್ ಇರುತ್ತದಲ್ಲ, ಅದಕ್ಕೆ ಹುಡಿ ಅಂಟಿಕೊಂಡು ಕಪ್ಪು ಜಿಡ್ಡಾಗುತ್ತದೆ. ಅದಕ್ಕೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಸ್ವಲ್ಪ ಹೊತ್ತು ನೆನೆಸುವ ತಾಳ್ಮೆ, ಇಷ್ಟು ಸಾಕು. ಎರಡು ಹೋಳಾಗಿ ಬಿಚ್ಚುವಂಥ ಫಿಲ್ಟರ್ ಆದರೆ ಬಿಚ್ಚಿ ನೆನೆಸಿ. ನೈಲಾನ್ ಜಾಲರಿಗೆ ಹಳೆಯ ಟೂತ್ ಬ್ರಷ್ ಬಳಸಬಹುದು, ಫ್ಲಾಕಿಗೆ ಬೇಡ, ಅದನ್ನು ನೀರಿನಲ್ಲಿ ಅಲ್ಲಾಡಿಸಿ ಬಿಡಬೇಕು. ಜಾಲಾಡುವಾಗ ನೀರು ಒಳಗಿನಿಂದ ಹೊರಗೆ ಹರಿಯಬೇಕು.

ತುಂಬ ಜನ ಪೆಟ್ರೋಲಿನಲ್ಲಿ ತೊಳೆಯುತ್ತಾರೆ. ಜಿಡ್ಡು ಬೇಗ ಹೋಗುತ್ತದೆ ನಿಜ, ಆದರೆ ಬಚ್ಚಲ ಒಲೆ ಉರಿಯುವ ಮನೆಯಲ್ಲಿ ತೆರೆದ ಬಟ್ಟಲಲ್ಲಿ ಪೆಟ್ರೋಲ್ ಇಡುವುದು ಅಪಾಯ, ಅದರ ಮೇಲೆ ಫ್ಲಾಕಿನ ನೂಲು ಹಿಡಿದಿಟ್ಟ ಅಂಟೂ ಬಿಡಬಹುದು. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದಾದರೆ ದೂರದಿಂದ, ಒಳಗಿನಿಂದ ಹೊರಕ್ಕೆ, ಮೆಲ್ಲಗೆ. ಹತ್ತಿರ ಹಿಡಿದರೆ ಜಾಲರಿ ಹರಿಯುತ್ತದೆ.

ಕಳೆ ಕೊಚ್ಚುವ ಮಿಷನ್ ಇರುವವರಿಗೆ ಒಂದು ಮಾತು. ಅದರ ಸ್ಪಂಜಿನ ಫಿಲ್ಟರಿಗೆ ತೊಳೆದು ಒಣಗಿಸಿದ ಮೇಲೆ ಆಯಿಲ್ ಹಾಕಿ ಹಿಂಡುವ ಕ್ರಮ ಎಷ್ಟೋ ಮಾಡೆಲ್‌ಗಳಲ್ಲಿ ಇದೆ. ಅದನ್ನು ನೋಡಿ ಚೈನ್ ಸಾದ ಜಾಲರಿಗೂ ಫ್ಲಾಕಿಗೂ ಆಯಿಲ್ ಸವರಬೇಡಿ, ಹುಡಿ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ.

ಒಣಗಿಸುವುದೇ ನಮ್ಮಲ್ಲಿ ದೊಡ್ಡ ಕಷ್ಟ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಆಷಾಢದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫಿಲ್ಟರ್ ಎಲ್ಲಿ ಒಣಗುತ್ತದೆ? ಮರ ಬೀಳುವುದೂ ಆವಾಗಲೇ. ಒದ್ದೆ ಫಿಲ್ಟರ್ ಹಾಕಿ ಓಡಿಸಿದರೆ ನೀರು ಒಳಗೆ ಹೋಗುತ್ತದೆ, ಗಾಳಿಯೂ ಸಾಲುವುದಿಲ್ಲ. ಒಲೆಯ ಬಾಯಿಗೆ ಇಟ್ಟರೆ ಪ್ಲಾಸ್ಟಿಕ್ ಅಂಚು ಬಾಗುತ್ತದೆ, ಬಾಗಿದ ಅಂಚು ಮತ್ತೆ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಎರಡು ಫಿಲ್ಟರ್ ಇಟ್ಟುಕೊಳ್ಳಿ. ಒಂದು ಮಿಷನ್ನಿನಲ್ಲಿ, ಇನ್ನೊಂದು ಗಾಳಿಯಾಡುವ ಕಡೆ ನೇತಾಡುತ್ತಾ ನಿಧಾನವಾಗಿ ಒಣಗಲಿ. ಒಂದು ಫ್ಲಾಕ್, ಒಂದು ನೈಲಾನ್ ಇದ್ದರೆ ಬೇಸಿಗೆಗೂ ಮಳೆಗಾಲಕ್ಕೂ ಆಯಿತು. ಬಿಸಿಲು, ಧೂಳು ಇರುವ ದಿನ ಬೆಳಗಿನಿಂದ ಸಂಜೆವರೆಗೆ ಕೊಯ್ದರೆ ಅವತ್ತೇ ತೊಳೆಯಬೇಕು, ಜಿಡ್ಡು ಒಣಗಲು ಬಿಟ್ಟರೆ ಹೋಗುವುದು ಕಷ್ಟ.

ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ಚೈನ್ ನೋಡಿ. ಹರಿತವಾದ ಚೈನ್ ಮರವನ್ನು ಚಕ್ಕೆ ಚಕ್ಕೆಯಾಗಿ ಉಗುಳುತ್ತದೆ, ಮೊಂಡಾದದ್ದು ಹಿಟ್ಟಿನಂತೆ ನುಣ್ಣಗೆ ಮಾಡುತ್ತದೆ, ಆ ನುಣ್ಣನೆಯ ಹುಡಿಯೇ ಫಿಲ್ಟರಿಗೆ ಹೋಗುವುದು. ಅರ ಹಾಕಿದ ದಿನ ಫಿಲ್ಟರ್ ಎಷ್ಟು ಚೊಕ್ಕ ಇರುತ್ತದೆ ಅಂತ ನೀವೇ ನೋಡಿ.

ತೊಳೆದು ಬಳಸುವ ಫಿಲ್ಟರ್ ಅಂದರೆ ಸಾಯುವ ತನಕ ಅಂತಲ್ಲ. ಬಹಳ ದಿನ ಬಳಸಿದ್ದು ಎಷ್ಟು ತೊಳೆದರೂ ಪೂರ್ತಿ ಶುದ್ಧ ಆಗುವುದಿಲ್ಲ. ಒಣಗಿದ ಮೇಲೆ ಬಿಸಿಲಿಗೋ ಟಾರ್ಚ್ ಬೆಳಕಿಗೋ ಹಿಡಿದು ನೋಡಿ. ಬೆಳಕು ಎಲ್ಲ ಕಡೆ ಒಂದೇ ಥರ ಬಂದರೆ ಸರಿ. ಎಲ್ಲೂ ಬರದಿದ್ದರೆ ಇನ್ನೊಮ್ಮೆ ತೊಳೆಯಿರಿ, ಆಗಲೂ ಬರದಿದ್ದರೆ ಬಿಸಾಡಿ. ಒಂದೇ ಕಡೆ ಚುಕ್ಕಿಯಾಗಿ ಹೊಳೆದರೆ ಅಲ್ಲಿ ತೂತಾಗಿದೆ, ಅಂಟು ಹಾಕಿ ಮುಚ್ಚುವ ಯೋಚನೆ ಬೇಡ, ಹೊಸದು ತನ್ನಿ.