ಮಾವೊ ಅಸಾದಾ ಸೋತ ಮೇಲೂ ಯಾಕೆ ನೋಡ್ತೀಯ?

"ಒಲಿಂಪಿಕ್ಸ್ ಮುಗೀತಲ್ಲ, ಆ ಜಪಾನ್ ಹುಡುಗಿಗೆ ಪದಕಾನೂ ಬರಲಿಲ್ಲ. ಇನ್ನೂ ಯಾಕೆ ಅವಳನ್ನೇ ನೋಡ್ತೀಯೇ?" 2014ರಲ್ಲಿ ನಮ್ಮತ್ತೆ ಕೇಳಿದ್ದು ಇದು. ಆಮೇಲೆ ಆಫೀಸಿನಲ್ಲಿ ಕೇಳಿದರು, ಗೆಳತಿಯರು ಕೇಳಿದರು. ಆ ಹುಡುಗಿ, ಐಸ್ ಮೇಲೆ ಜಾರುತ್ತಾ ಜಿಗಿಯುವ ಫಿಗರ್ ಸ್ಕೇಟರ್ ಮಾವೊ ಅಸಾದಾ, ನಿವೃತ್ತಿಯಾಗಿ ವರ್ಷಗಳೇ ಆದವು, ಈಗಲೂ ಕೇಳ್ತಾರೆ. ಪ್ರತಿ ಸಲ ಸುಮ್ನೆ ನಕ್ಕುಬಿಡುತ್ತಿದ್ದೆ. ಇವತ್ತು ಪೂರ್ತಿ ಹೇಳುತ್ತೇನೆ.

ಮೊದಲು ಟ್ರಿಪಲ್ ಆಕ್ಸೆಲ್ ಅನ್ನುವ ಜಿಗಿತದ ಬಗ್ಗೆ ಹೇಳಬೇಕು. ಫಿಗರ್ ಸ್ಕೇಟಿಂಗ್‌ನ ಉಳಿದ ದೊಡ್ಡ ಜಿಗಿತಗಳಿಗೆಲ್ಲ ಹಿಂದಕ್ಕೆ ಜಾರುತ್ತಾ ಹಾರುತ್ತಾರೆ. ಆಕ್ಸೆಲ್‌ಗೆ ಮಾತ್ರ ಮುಂದಕ್ಕೆ ಮುಖ ಮಾಡಿ ಹಾರಬೇಕು. ಇಳಿಯುವುದು ಮಾತ್ರ ಹಿಂದಕ್ಕೇ. ಹಾಗಾಗಿ ಅರ್ಧ ಸುತ್ತು ಜಾಸ್ತಿ, ಒಟ್ಟು ಮೂರೂವರೆ. ಆ ಕಾಲದಲ್ಲಿ ಅದನ್ನು ಸ್ಪರ್ಧೆಯಲ್ಲಿ ಮಾಡುವ ಹುಡುಗಿಯರು ತೀರಾ ಕಡಿಮೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಮಾವೊ ಅದನ್ನು ಮೂರು ಸಲ ಮಾಡಿ ಬೆಳ್ಳಿ ಗೆದ್ದಳು.

2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಅದೇ ಜಿಗಿತ ಕೈಕೊಟ್ಟಿತು. ಸ್ಪರ್ಧೆಯ ಎರಡು ಭಾಗಗಳಲ್ಲಿ ಮೊದಲನೆಯದಾದ ಶಾರ್ಟ್ ಪ್ರೋಗ್ರಾಂನಲ್ಲಿ ಬಿದ್ದಳು. 55.51 ಅಂಕ, 16ನೇ ಸ್ಥಾನ. ಪದಕದ ಆಸೆ ಅಲ್ಲಿಗೇ ಮುಗಿಯಿತು. ಮರುದಿನ ಎರಡನೇ ಭಾಗದಲ್ಲಿ ಆಕ್ಸೆಲ್ ಬಿಟ್ಟು ಸುಲಭದ್ದು ಏನಾದರೂ ಮಾಡಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವಳು ಬಿಡಲಿಲ್ಲ. ರಾಕ್ಮನಿನೋವ್ ಸಂಗೀತಕ್ಕೆ ಮೊದಲು ಹಾರಿದ್ದೇ ಟ್ರಿಪಲ್ ಆಕ್ಸೆಲ್, ಇಳಿದಳು ಕೂಡ. ಮುಗಿದಾಗ ಮೇಲೆ ನೋಡಿ ಅತ್ತಳು, ಅಳುತ್ತಲೇ ನಕ್ಕಳು. 142.71 ಅಂಕ ಬಂತು, ಒಟ್ಟಾರೆ 6ನೇ ಸ್ಥಾನ. ಅತ್ತೆ ನೋಡಿದ್ದು ಅಷ್ಟೇ. ಒಂದು ತಿಂಗಳ ನಂತರ ಜಪಾನಿನ ಸೈತಾಮಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಶಾರ್ಟ್ ಪ್ರೋಗ್ರಾಂಗೆ 78.66 ಅಂಕ ಪಡೆದು ಆಗಿನ ವಿಶ್ವದಾಖಲೆ ಮಾಡಿದಳು, ಮೂರನೇ ಸಲ ವಿಶ್ವ ಚಾಂಪಿಯನ್ ಆದಳು.

ಅಲ್ಲಿಗೇ ನಿಲ್ಲಿಸಬಹುದಿತ್ತು, ಅಲ್ವಾ? ಮುಂದುವರಿಯುತ್ತೀರಾ ಅಂತ ಕೇಳಿದಾಗ ಅವಳು ಹೇಳಿದ್ದು "ಹಾಫ್ ಹಾಫ್". ಒಂದು ವರ್ಷ ಬಿಡುವು ಮಾಡಿಕೊಂಡಳು. ನನ್ನ ನಿಜವಾದ ನೋಡುವಿಕೆ ಶುರುವಾದದ್ದು ಆಗಲೇ. ಅಲ್ಲಿಯವರೆಗೆ ಗೆಲ್ಲುತ್ತಾಳಾ ಅಂತ ಉಸಿರು ಬಿಗಿಹಿಡಿದು ನೋಡುತ್ತಿದ್ದೆ, ಕಾಲು ಏನು ಮಾಡುತ್ತಿದೆ ಅಂತ ಗಮನಿಸುತ್ತಲೇ ಇರಲಿಲ್ಲ. 2015ರಲ್ಲಿ ವಾಪಸ್ ಬಂದು ಗ್ರ್ಯಾನ್ ಪ್ರಿ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧಾ ಸರಣಿಯಲ್ಲಿ ಚೀನಾದ ಸ್ಪರ್ಧೆ ಗೆದ್ದಳು. ಆಮೇಲೆ ಫಲಿತಾಂಶ ಇಳಿಯುತ್ತಾ ಹೋಯಿತು. ಬಾಸ್ಟನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 7ನೇ ಸ್ಥಾನ. 2016ರ ಕೊನೆಗೆ, ಒಂದು ಗ್ರ್ಯಾನ್ ಪ್ರಿಯಲ್ಲಿ 9ನೇ ಸ್ಥಾನ. ಎಡ ಮಂಡಿ ನೋಯುತ್ತಿತ್ತು. ಆಕ್ಸೆಲ್‌ಗೆ ಅವಳು ನೆಲ ಬಿಡುವುದು ಆ ಎಡಗಾಲಿನಿಂದಲೇ.

2017ರ ಏಪ್ರಿಲ್‌ನಲ್ಲಿ ನಿವೃತ್ತಿ. ಪತ್ರಿಕಾಗೋಷ್ಠಿಯ ಕೊನೆಗೆ ಕಣ್ಣೀರು ತಡೆಯಲಾಗದೆ ಕ್ಯಾಮೆರಾಗಳಿಗೆ ಬೆನ್ನು ತಿರುಗಿಸಿ ನಿಂತಳು. ಅವತ್ತು ನಾನೂ ಕಣ್ಣೀರು ಹಾಕಿದೆ. ಆಮೇಲೆ ಹೊನೊಲುಲು ಮ್ಯಾರಥಾನ್ ಓಡಿದಳು. 2018ರಿಂದ 2021ರವರೆಗೆ ತನ್ನದೇ ತಂಡ ಕಟ್ಟಿಕೊಂಡು ಜಪಾನಿನ ಊರೂರಿಗೂ ಹೋಗಿ ಶೋ ಮಾಡಿದಳು. 2024ರಲ್ಲಿ ಟೋಕಿಯೊದ ತಾಚಿಕಾವಾದಲ್ಲಿ ಅವಳ ಹೆಸರಿನ ಸ್ಕೇಟಿಂಗ್ ರಿಂಕ್ ಶುರುವಾಯಿತು. ಇದನ್ನೆಲ್ಲ ನಾನು ಬೆಂಗಳೂರಿನಲ್ಲಿ ಕೂತು, ಜಪಾನಿ ಓದಲು ಬರದೆ, ಫೋಟೊ ನೋಡಿ, ಅನುವಾದದ ಆ್ಯಪ್ ಹಿಡಿದು ಹಿಂಬಾಲಿಸಿದ್ದೇನೆ. ಪ್ರತಿ ಸುದ್ದಿಗೂ ಖುಷಿಯಾಗಿದೆ.

ಆದರೆ ಅತಿ ಹೆಚ್ಚು ಸಲ ನೋಡಿರುವುದು ಒಸಾಕಾದ್ದು. 2016ರ ಡಿಸೆಂಬರ್, ರಾಷ್ಟ್ರೀಯ ಚಾಂಪಿಯನ್‌ಶಿಪ್, ಅವಳ ಕೊನೆಯ ಸ್ಪರ್ಧೆ. ಕೆಂಪು ಉಡುಪು. ಶಾರ್ಟ್ ಪ್ರೋಗ್ರಾಂ ಮುಗಿದಾಗಲೇ ಹಿಂದೆ ಬಿದ್ದಿದ್ದಳು. ಎರಡನೇ ಭಾಗದಲ್ಲಿ ಹಿಂದಕ್ಕೆ ಜಾರುತ್ತಾ ಬಂದು, ತಿರುಗಿ, ಆ ನೋಯುವ ಎಡಗಾಲಿನ ಮೇಲೆ ಹೆಜ್ಜೆ ಇಡುತ್ತಾಳೆ. ಮಂಡಿ ಆಳಕ್ಕೆ ಬಗ್ಗುತ್ತದೆ, ಎರಡೂ ಕೈ ಹಿಂದಕ್ಕೆ ಹೋಗುತ್ತವೆ. ನಾನು ವಿಡಿಯೊ ನಿಲ್ಲಿಸುವುದು ಅಲ್ಲೇ. ಮುಂದೆ ಬೀಳುತ್ತಾಳೆ ಅಂತ ಗೊತ್ತು, 12ನೇ ಸ್ಥಾನ ಅಂತಲೂ ಗೊತ್ತು. ಆದರೂ ಅವಳು ಹಾರಲು ಹೊರಟಿರುವುದು ಟ್ರಿಪಲ್ ಆಕ್ಸೆಲ್‌ಗೇ.