ಕ್ಯಾಪ್ಟನ್ ಅಮೆರಿಕಾ ಯಾರ ಕಡೆಯವನು?

ನಾನು ಕಾಮಿಕ್ಸ್ ಓದುತ್ತೇನೆ ಎಂದು ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ: "ಮೈತುಂಬ ಬಾವುಟ ತೊಟ್ಟ ಆ ಕ್ಯಾಪ್ಟನ್ ಅಮೆರಿಕಾ ಬರೀ ಸರ್ಕಾರದ ತುತ್ತೂರಿ ಅಲ್ವಾ?"

ಅಲ್ಲ. ಹುಟ್ಟಿದಾಗಲೂ ಆಗಿರಲಿಲ್ಲ. ಅವನನ್ನು ಸೃಷ್ಟಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯಹೂದಿಗಳು. ಮೊದಲ ಸಂಚಿಕೆಯ ಮುಖಪುಟದಲ್ಲೇ ಅವನು ಹಿಟ್ಲರನ ಮುಖಕ್ಕೆ ಗುದ್ದುತ್ತಾನೆ. ಅದು ಅಂಗಡಿಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷವಿತ್ತು. ಇಬ್ಬರಿಗೂ ಬೆದರಿಕೆಗಳು ಬಂದವು.

ಆದರೆ ನನ್ನ ನಿಜವಾದ ಉತ್ತರ ಇರುವುದು 1974ರ ಕಥೆಯಲ್ಲಿ. ಬರೆದವರು ಸ್ಟೀವ್ ಎಂಗಲ್‌ಹಾರ್ಟ್, ಚಿತ್ರ ಸ್ಯಾಲ್ ಬ್ಯುಸೆಮಾ ಅವರದು. ವಾಟರ್‌ಗೇಟ್ ಹಗರಣ ಅಧ್ಯಕ್ಷ ನಿಕ್ಸನ್ ಅವರ ಕುತ್ತಿಗೆಗೆ ಬಂದಿದ್ದ ಕಾಲ. 175ನೇ ಸಂಚಿಕೆಯಲ್ಲಿ, ದೇಶವನ್ನೇ ಕಬಳಿಸಲು ಹೊರಟ ಗುಪ್ತ ಗುಂಪಿನ ನಾಯಕನನ್ನು ಕ್ಯಾಪ್ಟನ್ ಬೆನ್ನಟ್ಟುತ್ತಾನೆ. ಆ ನಾಯಕ ಓಡಿ ಹೋಗುವುದು ಶ್ವೇತಭವನದೊಳಕ್ಕೆ! ಮುಸುಕು ಕಿತ್ತು ನೋಡಿದ ಕ್ಯಾಪ್ಟನ್ ದಂಗಾಗುತ್ತಾನೆ. ಆ ನಾಯಕ ಅಲ್ಲೇ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ನಮಗೆ ಮುಖ ತೋರಿಸುವುದಿಲ್ಲ, ಹೆಸರೂ ಹೇಳುವುದಿಲ್ಲ. ಆ ವರ್ಷದ ಓದುಗರಿಗೆ ಹೇಳುವ ಅಗತ್ಯವೂ ಇರಲಿಲ್ಲ. ನಿಜವಾದ ನಿಕ್ಸನ್ ಆಗಸ್ಟ್ 9ರಂದು ಕುರ್ಚಿ ಬಿಟ್ಟರು.

ಮುಂದಿನ ಸಂಚಿಕೆ ನನಗೆ ಇನ್ನೂ ಇಷ್ಟ. ಅದರಲ್ಲಿ ಹೊಡೆದಾಟಕ್ಕಿಂತ ಮಾತೇ ಜಾಸ್ತಿ. ಥಾರ್ ಬರುತ್ತಾನೆ, ಐರನ್ ಮ್ಯಾನ್ ಬರುತ್ತಾನೆ, ಜೊತೆಗಾರ ಫಾಲ್ಕನ್ ಬರುತ್ತಾನೆ. ಎಲ್ಲರಿಗೂ ಅವನನ್ನು ತಡೆಯುವ ಆಸೆ. ಅವನು ಮಾತ್ರ ಕ್ಯಾಪ್ಟನ್ ವೇಷ ಬಿಟ್ಟೇಬಿಡುತ್ತಾನೆ. ದೇಶವನ್ನು ಅಷ್ಟು ನಂಬಿದವನಿಗೆ ಆ ಪೆಟ್ಟು ಸಣ್ಣದಲ್ಲ. 180ರಲ್ಲಿ ನೋಮಾಡ್ ಎಂಬ ಹೆಸರಿನಲ್ಲಿ, ದೇಶವೇ ಇಲ್ಲದವನಾಗಿ ಬರುತ್ತಾನೆ. ಹೊಡೆದಾಡುವಾಗ ತನ್ನದೇ ಹೊಸ ಕೇಪಿಗೆ ಕಾಲು ಸಿಕ್ಕಿ ಮುಗ್ಗರಿಸುತ್ತಾನೆ. ದಿಕ್ಕು ತಪ್ಪಿದವನನ್ನು ಇದಕ್ಕಿಂತ ಚೆನ್ನಾಗಿ ತೋರಿಸೋಕೆ ಆಗಲ್ಲ.

ಅಷ್ಟರಲ್ಲಿ ರಾಸ್ಕೋ ಎಂಬ ಹುಡುಗ ಕ್ಯಾಪ್ಟನ್ ವೇಷ ತೊಟ್ಟು, ಕ್ಯಾಪ್ಟನ್‌ನ ಹಳೆಯ ಶತ್ರು ರೆಡ್ ಸ್ಕಲ್ ಕೈಯಲ್ಲಿ ಸಾಯುತ್ತಾನೆ. ಆಗಲೇ ನಮ್ಮವನು ಮತ್ತೆ ಗುರಾಣಿ ಹಿಡಿಯುವುದು. ಆದರೆ ಆಳುವವರ ಪರವಾಗಿ ಅಲ್ಲ. ದೇಶಕ್ಕೆ ಅಪಾಯ ಒಳಗಿನಿಂದಲೂ ಬರುತ್ತದೆ, ಅದರ ಎದುರೂ ನಿಲ್ಲಬೇಕು ಎಂದು ಈಗ ಅವನಿಗೆ ಗೊತ್ತು. ಮುಂದೆ 1987ರಲ್ಲಿ ಸರ್ಕಾರದ ಆಯೋಗವೊಂದು "ನಾವು ಹೇಳಿದಂತೆ ಕೆಲಸ ಮಾಡು" ಅಂದಾಗ, ವೇಷ, ಗುರಾಣಿ ಎರಡನ್ನೂ ಅವರಿಗೇ ಒಪ್ಪಿಸಿ ಹೊರಟುಬಿಡುತ್ತಾನೆ. ತುತ್ತೂರಿ ಹಾಗೆ ಮಾಡುತ್ತದೆಯೇ?

ಓದಬೇಕು ಅನ್ನಿಸಿದರೆ 169ರಿಂದ ಶುರುಮಾಡಿ. ಜಾಹೀರಾತಿನವನೊಬ್ಬ ಟೀವಿಯಲ್ಲಿ ಅವನ ಹೆಸರು ಕೆಡಿಸುವಲ್ಲಿಂದ ಕಥೆ ಹೊರಡುತ್ತದೆ. 183ರವರೆಗೆ ಒಂದನ್ನೂ ಬಿಡಬೇಡಿ.