ಹೊರದೇಶದಲ್ಲಿ ಲ್ಯಾಪ್‌ಟಾಪ್ ಕೊಳ್ಳುವಾಗ ಕೀಲಿಮಣೆ ನೋಡಿ

ತುಮಕೂರು, 14 ಜೂನ್ 2025, ಶನಿವಾರ

ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿಗೆ ಶುರು. ಎಂಎಸ್‌ಗೆ ಹೊರಟ ಇಲ್ಲಿನ ಮಕ್ಕಳು ಲ್ಯಾಪ್‌ಟಾಪಿನ ದರ, ವಾರಂಟಿ ಎಲ್ಲ ವಿಚಾರಿಸುತ್ತಾರೆ. ಕೀಲಿಮಣೆಯ ಮಾತೆತ್ತುವವರು ಕಡಿಮೆ. ಕನ್ನಡ ಟೈಪ್ ಮಾಡುವವರು ಮೊದಲು ನೋಡಬೇಕಾದ್ದೇ ಅದು.

ಕೀಲಿಗಳ ಮೇಲಿನ ಅಚ್ಚಿಗೆ ಹೆದರಬೇಕಿಲ್ಲ. ಯಾವ ಜಾಗದ ಕೀಲಿ ಒತ್ತಿದ್ದು ಎಂಬುದಷ್ಟೇ ಕಂಪ್ಯೂಟರಿಗೆ ತಲುಪುತ್ತದೆ, ಅಕ್ಷರ ಯಾವುದೆಂದು ಸೆಟ್ಟಿಂಗ್ಸ್ ತೀರ್ಮಾನಿಸುತ್ತದೆ. ಜರ್ಮನ್ ಕೀಲಿಮಣೆಯಲ್ಲಿ ವೈ, ಝಡ್ ಅದಲುಬದಲು. ಲಿನಕ್ಸ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ ಕನ್ನಡ ಕೀಲಿ ವಿನ್ಯಾಸ) ಹಾಕಿಕೊಂಡರೆ ಝಡ್ ಎಂದು ಅಚ್ಚಾದ ಕೀಲಿಯಿಂದಲೇ ‘ಯ’ ಬರುತ್ತದೆ. ನೋಡದೆ ಟೈಪ್ ಮಾಡುವವರಿಗೆ ಏನೂ ವ್ಯತ್ಯಾಸವಿಲ್ಲ. ‘ನುಡಿ’, ‘ಬರಹ’ ತಂತ್ರಾಂಶಗಳನ್ನು ಬಳಸುವವರು ವಿಂಡೋಸ್‌ನಲ್ಲಿ ಇಂಗ್ಲಿಷ್ ಯುಎಸ್ ವಿನ್ಯಾಸವನ್ನೇ ಇಟ್ಟುಕೊಳ್ಳಲಿ.

ಕಾಡುವುದು ಕೀಲಿಗಳ ಆಕಾರ. ನಮ್ಮಲ್ಲಿ ಮಾರುವ ಬಹುಪಾಲು ಲ್ಯಾಪ್‌ಟಾಪ್‌ಗಳದ್ದು ಆನ್ಸಿ ಮಾದರಿ: ಎಂಟರ್ ಒಂದೇ ಸಾಲಿನಲ್ಲಿ ಅಡ್ಡಕ್ಕೆ, ಎಡ ಶಿಫ್ಟ್ ಉದ್ದ. ಯುರೋಪಿನ ಐಎಸ್ಒ ಮಾದರಿಯಲ್ಲಿ ಎಂಟರ್ ಎರಡು ಸಾಲಿನೆತ್ತರ, ಎಡ ಶಿಫ್ಟ್ ಮೊಟಕು, ಅದರ ಪಕ್ಕಕ್ಕೆ ಇನ್ನೊಂದು ಕೀಲಿ. ಕಗಪದಲ್ಲಿ ಳ, ಣ ಬೇಕಾದರೆ ಶಿಫ್ಟ್ ಹಿಡಿದು ಎಲ್, ಎನ್ ಒತ್ತಬೇಕು. ಎರಡೂ ಬಲಗೈ ಕಡೆಯವು, ಹಾಗಾಗಿ ಶಿಫ್ಟ್ ಹಿಡಿಯುವುದು ಎಡಗೈ ಕಿರುಬೆರಳು. ಅದು ಪಕ್ಕದ ಕೀಲಿಗೆ ಬಿತ್ತೆಂದರೆ ‘ಕಳೆ’ ಹೋಗಿ ‘ಕಲೆ’, ಜೊತೆಗೆ ಬೇಡದ ಚಿಹ್ನೆಯೊಂದು. ಕನ್ನಡದಲ್ಲಿ ಳ, ಣ ಇಲ್ಲದ ಸಾಲು ಅಪರೂಪ, ಆದ್ದರಿಂದ ಇದು ದಿನವಿಡೀ ಕಾಡುವ ತೊಂದರೆ. ವಿಂಡೋಸ್‌ಗೆ ಸಿಗುವ ಪವರ್‌ಟಾಯ್ಸ್ ತಂತ್ರಾಂಶದ ಕೀಬೋರ್ಡ್ ಮ್ಯಾನೇಜರಿನಲ್ಲಿ ಆ ಕೀಲಿಯನ್ನೇ ಎಡ ಶಿಫ್ಟ್ ಮಾಡಿಕೊಳ್ಳಬಹುದು; ಲಾಗಿನ್ ಆದ ಮೇಲಷ್ಟೇ ಅದು ಕೆಲಸ ಮಾಡುತ್ತದೆ.

ಜಾಹೀರಾತಿನಲ್ಲಿ ‘ಕ್ವರ್ಟಿ’ (ಅಕ್ಷರಗಳ ಮೇಲಿನ ಸಾಲು Q, W, E, R, T, Y ಎಂದು ಶುರುವಾಗುವುದು) ಎಂದಿದ್ದರೆ ಸಾಲದು. ಬ್ರಿಟನ್, ಇಟಲಿ, ಸ್ಪೇನಿನವೂ ಕ್ವರ್ಟಿಯೇ, ಆಕಾರ ಮಾತ್ರ ಐಎಸ್ಒ. ಆನ್ಸಿ ಬೇಕಾದರೆ ‘ಯುಎಸ್ ಲೇಔಟ್’ ಎಂದು ಸ್ಪಷ್ಟವಾಗಿ ಬರೆದಿರಬೇಕು. ಫೋಟೋ ನಂಬಬೇಡಿ, ಎಲ್ಲ ದೇಶಕ್ಕೂ ಒಂದೇ ಚಿತ್ರ ಹಾಕಿರುವುದುಂಟು. ನೆದರ್ಲೆಂಡ್ಸ್‌ನಲ್ಲಿ ಯುಎಸ್ ಲೇಔಟ್ ಸಾಮಾನ್ಯ. ಜರ್ಮನಿಯಲ್ಲಿ ಆಪಲ್‌ನ ಆನ್‌ಲೈನ್ ಅಂಗಡಿಯಲ್ಲಿ ಆರ್ಡರ್ ಮಾಡುವಾಗಲೇ ಕೀಲಿಮಣೆಯ ಭಾಷೆ ಆರಿಸಬಹುದು. ಅಂಗಡಿಗೆ ಹೋಗಿ ಕೊಂಡರೆ ಸಾಮಾನ್ಯವಾಗಿ ಕೈಗೆ ಸಿಗುವುದು ಜರ್ಮನ್‌ನದೇ.

ಊರಿಗೆ ಬಂದು ಬದಲಿಸಿದರಾಯಿತು ಎನ್ನುವುದು ದುಬಾರಿ ಲೆಕ್ಕ. ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಸಿ ಪ್ಯಾನೆಲ್‌ನಲ್ಲಿ (ಕೀಲಿಮಣೆಯ ಸುತ್ತಲಿನ ಮೇಲುಹೊದಿಕೆ) ಒಂದೊಂದು ಕೀಲಿಗೂ ಪ್ರತ್ಯೇಕ ಕಿಂಡಿ ಕೊರೆದಿರುತ್ತಾರೆ. ಐಎಸ್ಒ ಎಂಟರಿನ ಕಿಂಡಿಯಲ್ಲಿ ಆನ್ಸಿ ಎಂಟರ್ ಕೂರುವುದಿಲ್ಲ, ಪ್ಯಾನೆಲ್ಲನ್ನೇ ಬದಲಿಸಬೇಕು. ಕೀಲಿಮಣೆಯನ್ನು ಪ್ಲಾಸ್ಟಿಕ್ ಕರಗಿಸಿ ಅಂಟಿಸಿದ್ದರಂತೂ ಬಿಡಿಸುವುದೇ ಕಷ್ಟ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮುನ್ನ ಮಾಡೆಲ್ ಸಂಖ್ಯೆಯ ಜೊತೆ ಪ್ಯಾನೆಲ್ಲಿನ ಪಾರ್ಟ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಬ್ಯಾಕ್‌ಲೈಟ್ ಇದ್ದರೆ ಅದನ್ನೂ ಹೇಳಿ, ಅದರ ತೆಳು ರಿಬ್ಬನ್ ಬೇರೆಯೇ ಇರುತ್ತದೆ.

ಚಾರ್ಜರಿನ ಮೇಲೆ 100-240 ವೋಲ್ಟ್ ಎಂದಿದ್ದರೆ ಇಲ್ಲಿ ವೈರು ಬದಲಿಸಿದರೆ ಸಾಕು. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು.

ಜರ್ಮನ್ ಕೀಲಿಮಣೆಯದ್ದನ್ನೇ ಕೊಂಡಿದ್ದರೆ, ಮೊದಲ ಸಲ ಆನ್ ಮಾಡಿದಾಗ ಪಾಸ್‌ವರ್ಡ್ ಇಡುವ ಮುಂಚೆಯೇ ವಿನ್ಯಾಸ ಆರಿಸಿ. ಪಾಸ್‌ವರ್ಡಿನಲ್ಲಿ ವೈ, ಝಡ್ ಇದ್ದು ವಿನ್ಯಾಸ ಆಮೇಲೆ ಬದಲಾದರೆ, ಸರಿಯಾದ ಪಾಸ್‌ವರ್ಡನ್ನೇ ಒತ್ತಿದರೂ ಲಾಗಿನ್ ಪರದೆ ತೆರೆಯುವುದಿಲ್ಲ.